ಬೆಂಕಿ ಆರಿದ ಮೇಲಿನ ಅವಸರ

ಹಳೆಯ ಗುಡಿಗೆ ಬೆಂಕಿ ಹತ್ತಿದಾಗ ಊರವರು ಆಡುವ ಮಾತು ಒಂದೇ: "ಕಲ್ಲಿಗೇನ್ ಆಗ್ತದ್ರೀ, ಸುಟ್ಟಿದ್ದು ಕಟ್ಟಿಗಿ ಅಷ್ಟೇ." ಅಗ್ನಿಶಾಮಕ ಠಾಣೆಯ ನೌಕರಿಯಲ್ಲಿ ಕಲಬುರಗಿ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಇದನ್ನು ಕೇಳಿದ್ದೇನೆ. ಕಾಗಿಣಾ ನದಿ ದಂಡೆಯ ಒಂದು ಗುಡಿಗೆ ಆದದ್ದನ್ನು ನೋಡಿದ ಮೇಲೆ ಈ ಮಾತು ಕಿವಿಗೆ ಬಿದ್ದರೆ ಸುಮ್ಮನಿರಲು ಆಗುವುದಿಲ್ಲ.

ಕಾರ್ತಿಕದ ದೀಪೋತ್ಸವದ ರಾತ್ರಿ ಕಾಲ್ ಬಂತು. ಗರ್ಭಗುಡಿ ಪೂರಾ ಕಲ್ಲಿನದು. ಮುಂದಿನ ಪಡಸಾಲೆಗೆ ಶಹಾಬಾದ್ ಕಲ್ಲಿನ ಕಂಬ, ಸಾಗವಾನಿ ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ. ಕಂಬಗಳಿಗೆ ಬಟ್ಟೆ ಸುತ್ತಿ, ಅದರ ಮೇಲೆ ಸೀರಿಯಲ್ ಲೈಟ್ ಬಿಟ್ಟಿದ್ದರು. ಮೂಲೆಯಲ್ಲಿ ದೀಪದ ಎಣ್ಣೆಯ ಡಬ್ಬಿಗಳು, ಕರ್ಪೂರದ ಪೊಟ್ಟಣಗಳು. ನಾವು ಮುಟ್ಟುವ ಹೊತ್ತಿಗೆ ತೊಲೆಗಳು ಹತ್ತಿ ಉರಿಯುತ್ತಿದ್ದವು, ಊರ ಹುಡುಗರು ಮಾಳಿಗೆ ಏರಿ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು.

ಬೆಂಕಿಗಿಂತ ನನಗೆ ಭಯವಾದದ್ದು ಆ ನೀರಿನದು. ಮಾಳಿಗೆ ಮಣ್ಣು ನೀರನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಒಂದು ಜಲವಾಹನದ 4,500 ಲೀಟರ್ ಅಂದರೆ ನಾಲ್ಕೂವರೆ ಟನ್. ಅದರ ಅರ್ಧದಷ್ಟು ಮೇಲೆ ಕೂತರೂ ಕೆಳಗಿನ ಸುಡುವ ತೊಲೆ ಎಷ್ಟು ಹೊತ್ತು ತಡೆದೀತು? "ಕೆಳಗ ಇಳೀರಿ, ಮಾಳಗಿ ಕುಸೀತದ" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಯಾರೂ ಅಲುಗಲಿಲ್ಲ. ಕೊನೆಗೆ ಅವರದೇ ಊರಿನ ಒಬ್ಬ ಮುತ್ಯಾ ಬೈದ ಮೇಲೆ ಇಳಿದರು.

ಅಷ್ಟರಲ್ಲಿ ಬ್ರಾಂಚ್, ಅಂದರೆ ಪೈಪಿನ ತುದಿಯ ನಳಿಕೆ, ಹಿಡಿದಿದ್ದ ಹುಡುಗ ನೀರಿನ ಜೆಟ್ಟನ್ನು ಕಂಬದ ಕಡೆಗೆ ತಿರುಗಿಸಿದ್ದ. ಕಂಬದ ತಲೆಯಿಂದ ಆಗಲೇ ಚಕ್ಕೆಗಳು ಟಪ್ ಟಪ್ ಸಿಡಿಯುತ್ತಿದ್ದವು. ಫಾಗ್ ಮಾಡು, ನೀರನ್ನು ಮಂಜಿನ ಹಾಗೆ ಚದುರಿಸಿ ಕಟ್ಟಿಗೆಗೆ ಮಾತ್ರ ಹೊಡಿ ಎಂದೆ. ಪಂಪ್ ಪ್ರೆಷರ್ ಇಳಿಸಲು ಚಾಲಕನಿಗೆ ಕೈಸನ್ನೆ ಮಾಡಿದೆ. ಸಮಿತಿಯ ಹಿರಿಯರೊಬ್ಬರು ನನ್ನ ತೋಳು ಹಿಡಿದು ಜಗ್ಗಿದರು. "ಸಾಹೇಬ್ರ, ಜೋರ್ ಹೊಡೀರಿ, ದೇವರು ಸುಡ್ಲಿಕ್ಕತ್ತಾನ!" ಅವರ ಕಣ್ಣಲ್ಲಿ ನೀರಿತ್ತು. ಆ ಕ್ಷಣ ಅವರಿಗೆ ಏನು ವಿವರಿಸಲಿ? ವಾಡಿ, ಸೇಡಂ ಕಡೆ ಸಿಮೆಂಟಿಗಾಗಿ ಭಟ್ಟಿಗೆ ಹಾಕುವುದು ಸುಣ್ಣದ ಕಲ್ಲನ್ನೇ, ಶಹಾಬಾದ್ ಫರ್ಸಿಯೂ ಅದೇ ಜಾತಿಯದು. 800 ಡಿಗ್ರಿ ದಾಟಿದರೆ ಕಲ್ಲಿನ ಮೈ ಸುಟ್ಟ ಸುಣ್ಣವಾಗುತ್ತದೆ, ಅದಕ್ಕೆ ನೀರು ಬಿದ್ದರೆ ಉಬ್ಬಿ ಪುಡಿಯಾಗುತ್ತದೆ. ಅಷ್ಟು ಕಾವು ಏರದಿದ್ದರೂ ಕಾದ ಕಲ್ಲಿಗೆ ತಣ್ಣನೆಯ ಜೆಟ್ ಬಡಿದರೆ ಬಿರುಕು ಬಿಡುತ್ತದೆ. ನಾನು ಏನೂ ಹೇಳಲಿಲ್ಲ, ಫಾಗ್ ಬದಲಿಸಲೂ ಇಲ್ಲ.

ಅದರ ನಡುವೆ ಪೂಜಾರಿ ಉತ್ಸವಮೂರ್ತಿ ತರಲು ಒಳಗೆ ನುಗ್ಗಲು ಹೊರಟರು. ಅದಿದ್ದ ಪಕ್ಕದ ಕೋಣೆಯ ಕೀಲಿ ಇದ್ದವರು ಲಗ್ನಕ್ಕೆಂದು ಬೇರೆ ಊರಿಗೆ ಹೋಗಿದ್ದರು. ಹಿಂಬಾಗಿಲ ಕಡೆಯಿಂದ ಹಾರೆ ಹಾಕಿ ಬೀಗ ಮುರಿದು ನಮ್ಮವರೇ ಮೂರ್ತಿ ಹೊರಗೆ ತಂದರು. ಮಾಳಿಗೆ ಒಂದು ಮೂಲೆಯಲ್ಲಿ ಜಗ್ಗಿತು, ಆದರೆ ಬೀಳಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಬೆಳಗಿನ ತನಕ ಸೀಲಿಂಗ್ ಹುಕ್ ಎಂಬ ಉದ್ದ ಕೊಕ್ಕೆಯಿಂದ ಜಂತಿ ಸಂದಿ ಬಿಡಿಸಿ, ಒಳಗೊಳಗೇ ಹೊಗೆಯಾಡುವುದನ್ನು ಹುಡುಕಿ ಹುಡುಕಿ ಆರಿಸಿದೆವು. ಒಳಗಿನ ಕಾವು ತೋರಿಸುವ ಥರ್ಮಲ್ ಕ್ಯಾಮೆರಾ ಒಂದಿದ್ದರೆ ಅಷ್ಟು ಜಂತಿ ಕೀಳಬೇಕಾಗಿರಲಿಲ್ಲ. ಕೇಳಿದಾಗಲೆಲ್ಲ ಮುಂದಿನ ಬಜೆಟ್ ಎನ್ನುತ್ತಾರೆ.

ಇಷ್ಟು ಉಳಿಸಿಕೊಟ್ಟ ಗುಡಿಯನ್ನು ಊರವರೇ ಕೆಡಿಸಿದರು ಎಂಬುದು ನನ್ನ ಸಂಕಟ. ದುರುದ್ದೇಶದಿಂದಲ್ಲ, ಭಕ್ತಿಯ ಅವಸರದಿಂದ. ಮರುದಿನವೇ ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಪಂಪ್ ತಂದು ಮಸಿ ತೊಳೆದರು. ಹೋಗದ ಕಲೆಗೆ ಆಸಿಡ್ ಹಾಕಿದರು. ಸುಣ್ಣದ ಕಲ್ಲನ್ನು ಆಸಿಡ್ ತಿನ್ನುತ್ತದೆ, ಕಂಬದ ಬಳ್ಳಿಕೆತ್ತನೆ ಮಸುಕಾಗಿ ಹೋಯಿತು. ಸಾಗವಾನಿ ತೊಲೆಗಳನ್ನೆಲ್ಲ ಕಟ್ಟಿಗೆ ಅಡ್ಡೆಗೆ ಮಾರಿದರು. ದಪ್ಪ ತೊಲೆ ಉರಿಯುವಾಗ ಇದ್ದಿಲಾಗುವುದು ನಿಮಿಷಕ್ಕೆ ಒಂದು ಮಿಲಿಮೀಟರ್‌ಗಿಂತ ಕಡಿಮೆ. ಇದ್ದಿಲು ಕೆತ್ತಿದರೆ ಅವುಗಳಲ್ಲಿ ಅರ್ಧಕ್ಕರ್ಧ ಒಳಗೆ ಗಟ್ಟಿ ಇರುತ್ತಿದ್ದವು. ಗೋಡೆ ಇನ್ನೂ ಹಸಿ ಇರುವಾಗಲೇ ಗಾರೆ ಕಿತ್ತು ಸಿಮೆಂಟ್ ಬಳಿದರು. ಒಳಗಿನ ನೀರಿಗೆ ಹೊರಬರುವ ದಾರಿಯೇ ಇಲ್ಲದಂತಾಯಿತು. ಮುಂದಿನ ಜಾತ್ರೆಯೊಳಗೆ ಮುಗಿಸಬೇಕೆಂದು ಅದೇ ಕಂಬಗಳ ಮೇಲೆ ಆರ್‌ಸಿಸಿ ಸ್ಲ್ಯಾಬ್ ಹಾಕಿದರು. ಕಬ್ಬಿಣದ ಅಂಶವಿರುವ ಸುಣ್ಣದ ಕಲ್ಲು ಸುಮಾರು 300 ಡಿಗ್ರಿಗೆ ಕೆಂಪು ತಿರುಗುತ್ತದೆ. ಕಾವು ಎಷ್ಟು ಆಳಕ್ಕೆ ಇಳಿದಿದೆ ಎಂದು ಆ ಬಣ್ಣವೇ ಹೇಳುತ್ತಿತ್ತು. ಅದರ ಮೇಲೆ ಆಯಿಲ್ ಪೇಂಟ್ ಹೊಡೆದರು. ಈಗ ಎರಡು ಕಂಬಗಳು ಉದ್ದಕ್ಕೆ ಸೀಳಿವೆ.

ಕಲ್ಲಿಗೆ ಏನಾಗುತ್ತದೆ ಎನ್ನುವವರು ಮದುರೈ ಮೀನಾಕ್ಷಿ ಗುಡಿಯನ್ನು ನೆನೆಯಬೇಕು. 2018ರ ಫೆಬ್ರುವರಿ 2ರ ರಾತ್ರಿ ವೀರವಸಂತರಾಯ ಮಂಟಪದ ಅಂಗಡಿಗಳಿಗೆ ಬೆಂಕಿ ಬಿದ್ದು ಕಲ್ಲಿನ ಚಾವಣಿಯೇ ಕುಸಿಯಿತು. ನಮ್ಮ ಬೀದರಿನಲ್ಲೇ ಇದೆಯಲ್ಲ, 1472ರ ಮಹಮೂದ್ ಗವಾನ್ ಮದರಸಾ. ಅದರ ಮುಂಭಾಗದ ಒಂದು ಪಾಲು, ಒಂದು ಮಿನಾರು ಹೋದದ್ದು ಒಳಗೆ ತುಂಬಿಟ್ಟ ಸಿಡಿಮದ್ದಿನಿಂದ. ಕಟ್ಟಡ ತಾನಾಗಿ ಹತ್ತಿಕೊಳ್ಳುವುದಿಲ್ಲ, ನಾವು ಅದರೊಳಗೆ ಇಡುವುದು ಹತ್ತಿಕೊಳ್ಳುತ್ತದೆ.

ಪ್ಯಾರಿಸ್ಸಿನ ನೊತ್ರ್ ದಾಮ್ ಚರ್ಚಿಗೆ 2019ರ ಏಪ್ರಿಲ್ 15ರಂದು ಬೆಂಕಿ ಬಿದ್ದಾಗ ವಿಮಾನದಿಂದ ನೀರು ಸುರಿಯಿರಿ ಎಂಬ ಸಲಹೆ ಬಂದಿತ್ತು. ಆ ಭಾರಕ್ಕೆ ಕಟ್ಟಡವೇ ಕುಸಿದೀತು ಎಂದು ಅಲ್ಲಿಯವರು ಒಪ್ಪಲಿಲ್ಲ. ಪವಿತ್ರ ವಸ್ತುಗಳನ್ನು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ ಹೊರಗೆ ತಂದರು. ಚರ್ಚು ಮತ್ತೆ ತೆರೆದದ್ದು 2024ರ ಡಿಸೆಂಬರಿನಲ್ಲಿ. ಅದರಲ್ಲಿ ಮೊದಲ ಎರಡು ವರ್ಷಕ್ಕೂ ಹೆಚ್ಚು ಕಾಲ ಹೋದದ್ದು ಹೊಸದು ಕಟ್ಟುವುದಕ್ಕಲ್ಲ, ಉಳಿದದ್ದು ಬೀಳದಂತೆ ಆನಿಸಿ ನಿಲ್ಲಿಸುವುದಕ್ಕೆ. ಅವರ ಹಣ ನಮ್ಮ ಹಳ್ಳಿಗಳಲ್ಲಿ ಇಲ್ಲ, ನಿಜ. ಆದರೆ ಕಂಬದ ಪಕ್ಕ ಆಸರೆಗೆ ಬಲ್ಲಿ ಕಟ್ಟಿಗೆ ಕೊಟ್ಟು, ಒಂದು ಬೇಸಿಗೆ ಗೋಡೆ ಒಣಗಲು ಬಿಡುವುದಕ್ಕೆ ಎಷ್ಟು ಹಣ ಬೇಕು?

ಮಾಕ್ ಡ್ರಿಲ್ ಎಂದರೆ ಶಾಲೆ, ಪೆಟ್ರೋಲ್ ಬಂಕ್ ಎಂದೇ ಆಗಿದೆ. ನಾನು ಠಾಣೆಯಲ್ಲಿ ಜಗಳವಾಡಿ ಜಾತ್ರೆಗೆ ಮುಂಚೆ ಮಠ, ದರ್ಗಾ, ಗುಡಿಗಳಿಗೂ ಹೋಗುವ ರೂಢಿ ಮಾಡಿಸಿದ್ದೇನೆ. ಎಣ್ಣೆ ಡಬ್ಬಿ, ದಾಸೋಹದ ಸಿಲಿಂಡರ್ ಹೊರಗಿನ ಕೋಣೆಗೆ. ಎರಡನೇ ಕೀಲಿ ಊರಲ್ಲೇ ಇರುವವರ ಹತ್ತಿರ. ಮೊದಲು ಏನು ಹೊರಗೆ ತರಬೇಕು ಎಂಬ ಪಟ್ಟಿ ಪೂಜಾರಿ, ಮುಜಾವರರಿಂದಲೇ. ಬೆಂಕಿ ಬಿದ್ದ ಜಾಗವಾದರೆ ಕೂಲಿಂಗ್ ಮುಗಿಸಿ ಹೊರಡುವ ಮುನ್ನ ಒಂದು ಹಾಳೆ ಬರೆದು ಸಮಿತಿಯವರ ಕೈಗೆ ಕೊಡುತ್ತೇನೆ: ನೀರು ಹಾಕಿ ತೊಳೆಯಬೇಡಿ, ತೊಲೆ ಮಾರಬೇಡಿ, ಕಲ್ಲು-ಗಾರೆ ಬಲ್ಲ ಎಂಜಿನಿಯರ್ ಬಂದು ನೋಡುವ ತನಕ ಮೇಲೆ ಭಾರ ಹೇರಬೇಡಿ. ಫೈರ್ ರಿಪೋರ್ಟಿನ ನಮೂನೆಯಲ್ಲಿ ಇದಕ್ಕೆ ಜಾಗ ಕೊಡಿ ಎಂದು ಮೇಲಿನವರಿಗೆ ಬರೆದಿದ್ದೇನೆ. ಉತ್ತರ ಬಂದಿಲ್ಲ, ಮತ್ತೆ ಬರೆಯುತ್ತೇನೆ.