ಹೆಳವರ ಹೊತ್ತಿಗೆಯಲ್ಲಿ ಆಯಿಯ ಹೆಸರು

ಸುಗ್ಗಿ ಮುಗಿದ ಮೇಲೆ ಮನೆತನಗಳ ವಂಶಾವಳಿ ಹೇಳುವ ಹೆಳವರು ಎತ್ತಿನ ಮೇಲೆ ಗಂಟೆ ಬಾರಿಸುತ್ತ ಕಲಬುರಗಿ ಜಿಲ್ಲೆಯ ಚಿತ್ತಾಪುರ ಸೀಮೆಯ ನಮ್ಮ ಊರಿಗೆ ಬಂದರೆ, ನಮ್ಮ ಅಜ್ಜ, ಮುತ್ಯಾ, ಹೊಲದ ಕೆಲಸ ಬಿಟ್ಟು ಕಟ್ಟೆಯ ಮೇಲೆ ಕೂರುತ್ತಿದ್ದರು. ನಮ್ಮ ಮನೆತನ ಯಾವ ಊರು ಬಿಟ್ಟು ಬಂತು, ಎಷ್ಟು ಕವಲಾಯಿತು, ಯಾರ ಮಕ್ಕಳು ಯಾರು ಎಂಬುದನ್ನು ಹೆಳವರು ಹೊತ್ತಿಗೆ ತೆರೆದು ಓದಿ, ಹೊಸದಾಗಿ ಹುಟ್ಟಿದ ಗಂಡುಮಕ್ಕಳ ಹೆಸರು ಸೇರಿಸಿ, ಜೋಳ ಪಡೆದು ಮುಂದಿನ ಮನೆಗೆ ಹೋಗುತ್ತಿದ್ದರು.

ಕಚೇರಿಯ ಕಡತಗಳಲ್ಲಿ ಇಷ್ಟು ಸಿಗುವುದಿಲ್ಲ. 1956ರ ನವೆಂಬರ್ 1ರವರೆಗೆ ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದ ಕಂದಾಯದ ಕಾಗದಗಳು ಉರ್ದುವಿನಲ್ಲಿವೆ, ಬೀದರ್ ಕಡೆಯ ಹಳೆಯ ಮನೆಗಳಲ್ಲಿ ಮೋಡಿ ಎಂಬ ಹಳೆಯ ಲಿಪಿಯ ಮರಾಠಿ ಪತ್ರಗಳೂ ಇವೆ. ಅವನ್ನು ಓದಬಲ್ಲ ಹಿರಿಯರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದಾರೆ. ಓದಿಸಿದರೂ ಅಲ್ಲಿ ಸಿಗುವುದು ಹೆಚ್ಚಾಗಿ ಭೂಮಿ ಇದ್ದವರ ಹೆಸರು. ಲಂಬಾಣಿ ತಾಂಡಾಗಳಲ್ಲಿ ಎಷ್ಟೋ ಬಹುಕಾಲ ಕಂದಾಯ ಗ್ರಾಮಗಳೇ ಆಗಿರಲಿಲ್ಲ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಹಕ್ಕುಪತ್ರ ವಿತರಿಸುವ ಹೊತ್ತಿಗೆ ಆ ಜಾಗದಲ್ಲಿ ತಲೆಮಾರುಗಳೇ ಕಳೆದಿದ್ದವು. ಅವರ ನೆನಪುಗಳು ಗೋರ್ ಬೋಲಿಯ ಹಾಡುಗಳಲ್ಲಿವೆ, ಆ ಭಾಷೆಗೆ ಸ್ವಂತ ಲಿಪಿಯಿಲ್ಲ. ಮೊದಲು ಧ್ವನಿಮುದ್ರಣ ಆಗಬೇಕಾದದ್ದು ಅಲ್ಲಿಯೇ ಎಂದು ನಾನು ಬಲವಾಗಿ ನಂಬಿದ್ದೇನೆ.

ಕಾಗದಗಳನ್ನು ಕಾಪಾಡುವ ಆತುರದಲ್ಲಿ ನಾವೇ ಅವನ್ನು ಕೆಡಿಸುವುದೂ ಉಂಟು. ನಮ್ಮ ಮನೆಯ ಉರ್ದು ಖರೀದಿ ಪತ್ರವನ್ನು ಅಂಗಡಿಯೊಂದರಲ್ಲಿ ಲ್ಯಾಮಿನೇಷನ್ ಮಾಡಿಸಿದೆವು; ಶಾಖಕ್ಕೆ ಮಡಿಕೆಯ ಅಕ್ಷರಗಳು ಕಲೆಸಿಹೋದವು, ಈಗ ಪ್ಲಾಸ್ಟಿಕ್ ಬಿಡಿಸಲೂ ಆಗದು. ಹಗಲು ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆದು, ಮೂಲ ಪತ್ರವನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಒಣಗಿದ ಪೆಟ್ಟಿಗೆಯಲ್ಲಿಟ್ಟಿದ್ದರೆ ಸಾಕಿತ್ತು.

ಹೋದ ವರ್ಷ ಹೆಳವರು ಬಂದಾಗ ಅವರ ಒಪ್ಪಿಗೆ ಪಡೆದು ನಮ್ಮ ಮನೆತನದ ಪುಟಗಳ ಫೋಟೊ ತೆಗೆದೆ, ಒಂದು ಪ್ರತಿಯನ್ನು ಅವರಿಗೂ ಕೊಟ್ಟೆ. ಅದನ್ನು ಅಂತರ್ಜಾಲದಲ್ಲಿ ಹಾಕಿಲ್ಲ, ಹಾಕುವುದೂ ಇಲ್ಲ. ಅವರ ಅನ್ನ ಆ ಹೊತ್ತಿಗೆಯಲ್ಲಿದೆ, ಎಲ್ಲರ ವಂಶ ಹೇಳುವ ಈ ಅಲೆಮಾರಿಗಳ ಸ್ವಂತ ಚರಿತ್ರೆಯನ್ನು ಬರೆದುಕೊಂಡವರು ನಮ್ಮ ಊರಿನಲ್ಲಿ ಯಾರೂ ಇಲ್ಲ.

ಆ ಪುಟಗಳಲ್ಲಿ ನಮ್ಮ ಅಜ್ಜಿ, ಆಯಿಯ ಹೆಸರಿರಲಿಲ್ಲ. ಬರೆದುಕೊಳ್ಳಿ ಎಂದು ಕೇಳಿದಾಗ ಹಿರಿಯ ಹೆಳವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮುತ್ಯಾನ ಹೆಸರಿನ ಪಕ್ಕದ ಅಂಚಿನಲ್ಲಿ ಜಾಗ ಮಾಡಿಕೊಂಡು, ‘ಆಕಿ ತವರೂರು ಯಾವುದ್ರೀ?’ ಎಂದರು. ಆಯಿ ಜೋಳ ಬೀಸುತ್ತ ಹೇಳುತ್ತಿದ್ದ ಹಾಡಿನಲ್ಲಿ ಆ ಊರಿನ ಹೆಸರಿತ್ತು. ನಾನು ಹಾಡಿನ ಆ ಸಾಲನ್ನೇ ಹೇಳಿದೆ, ಅವರು ಬರೆದುಕೊಂಡರು.