‘ನೀರು ಬೇಡ ಆಂಟಿ’

ಇವತ್ತು ನಮ್ಮ ಬೀದಿಯಲ್ಲಿ ಸೀರಿಯಲ್ ಶೂಟಿಂಗ್. ಮಧ್ಯಾಹ್ನ ಇಬ್ಬರು ಹುಡುಗಿಯರು ಬಾಗಿಲು ತಟ್ಟಿದರು. ಜೂನಿಯರ್ ಆರ್ಟಿಸ್ಟ್‌ಗಳಂತೆ.

“ಆಂಟಿ, ಬಾತ್‌ರೂಮ್‌ಗೆ ಹೋಗಬಹುದಾ?”

ಒಬ್ಬಳು ಒಳಗೆ ಹೋದಳು. ಇನ್ನೊಬ್ಬಳು ಅವಳ ಬಳೆ, ಫೋನು, ಸೀರೆ ಪಿನ್ನು ಹಿಡಿದು ಕಾದು ನಿಂತಳು. ನೀರು ಕೊಟ್ಟರೆ ಇಬ್ಬರೂ ಒಂದೊಂದೇ ಗುಟುಕು. “ಬೇಡ ಆಂಟಿ, ರಾತ್ರಿವರೆಗೂ ಕೆಲಸ ಇದೆ.”

ಇದನ್ನೇ ಹೇಮಾ ಸಮಿತಿ ವರದಿಯಲ್ಲಿ ಓದಿದ್ದೆ. ಸಿನಿಮಾದಲ್ಲಿ ಹೆಂಗಸರ ಕಷ್ಟ ತಿಳಿಯೋಕೆ ಕೇರಳ ಸರ್ಕಾರ ಮಾಡಿದ ಸಮಿತಿ ಅದು. ಮಲಯಾಳಂ ಸಿನಿಮಾ ಸೆಟ್‌ಗಳಲ್ಲಿ ಶೌಚಾಲಯ ಇಲ್ಲದೆ ಹೆಂಗಸರು ನೀರೇ ಕುಡಿಯುತ್ತಿರಲಿಲ್ಲ. ಆ ಸಮಿತಿ ಸುಮ್ನೆ ಬರಲಿಲ್ಲ. 2017ರಲ್ಲಿ ಒಬ್ಬ ನಟಿಯ ಮೇಲೆ ದೌರ್ಜನ್ಯ ಆದಾಗ ಅವಳ ಜೊತೆ ನಿಂತ ಹೆಂಗಸರು, ವಿಮೆನ್ ಇನ್ ಸಿನಿಮಾ ಕಲೆಕ್ಟಿವ್‌ನವರು, ಕೇಳಿ ಪಡೆದದ್ದು. ವರದಿ 2019ರ ಕೊನೆಗೇ ಸರ್ಕಾರದ ಕೈ ಸೇರಿತ್ತು. ಹೊರಬಂದದ್ದು 2024ರ ಆಗಸ್ಟ್‌ನಲ್ಲಿ! ನನಗೆ ಈಗಲೂ ಸಿಟ್ಟು ಬರುತ್ತದೆ.

ಮುಂದಿನ ತಿಂಗಳೇ ನಮ್ಮಲ್ಲೂ ಕನ್ನಡ ಚಿತ್ರರಂಗದವರ ‘ಫೈರ್’ ಸಂಘಟನೆಯವರು ಇಂಥದೇ ಸಮಿತಿ ಬೇಕು ಅಂತ ಮುಖ್ಯಮಂತ್ರಿಗೆ ಮನವಿ ಕೊಟ್ಟರು. ಬೇಕೇ ಬೇಕು. ಆದರೆ ಹೆಸರಿರುವ ನಟಿಯರ ಮಾತಷ್ಟೇ ಕೇಳಿದರೆ ಸಾಲದು, ಅಲ್ವಾ? ಹೇರ್‌ಡ್ರೆಸರ್‌ಗಳು, ಗುಂಪಿನಲ್ಲಿ ನಿಲ್ಲುವ ಹುಡುಗಿಯರು, ಅವರನ್ನೂ ಕೂರಿಸಿ ಕೇಳಬೇಕು. ಅವರಿಗೆ ಶೌಚಾಲಯ ಇರುವ ಕ್ಯಾರವಾನ್ ಇರೋದಿಲ್ಲ.