ಸೆಳೆತಕ್ಕೆ ದಿಕ್ಕಿಲ್ಲದಿದ್ದರೆ ಆಯ್ಕೆ ಎಲ್ಲಿಂದ ಬರುತ್ತದೆ?

ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್‌ಸಿ. ಓದುವವರು ಪ್ರತಿ ವರ್ಷವೂ ನನಗೆ ಕೇಳುವ ಪ್ರಶ್ನೆಯಿದು: ಧನ ಮತ್ತು ಋಣ ಆವೇಶಗಳ ಸೆಳೆತ ಎಲ್ಲ ದಿಕ್ಕಿಗೂ ಒಂದೇ. ಅಂಥ ಸೆಳೆತವನ್ನು ನಂಬಿದ ವೇಗವರ್ಧಕವು (ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು), ಎರಡು ಕೈಗಳಂತೆ ಪರಸ್ಪರ ಕನ್ನಡಿ ಬಿಂಬಗಳಾದ ಎರಡು ಅಣುಗಳಲ್ಲಿ, ಎಡಗೈ ಅಣುವನ್ನು ಬಿಟ್ಟು ಬಲಗೈ ಅಣುವನ್ನೇ ಹೇಗೆ ತಯಾರಿಸುತ್ತದೆ? ಗದಗಿನಿಂದ ರೈಲಿನಲ್ಲಿ ಬರುವ ವಿದ್ಯಾರ್ಥಿನಿಯೊಬ್ಬಳು ಈ ಸಲ ಇದನ್ನು ಬಹಳ ಹಟದಿಂದ ಕೇಳಿದಳು. ಅವಳ ಹಟ ನನಗೆ ಇಷ್ಟವಾಯಿತು.

ಬಿಂದುವಿನಂಥ ಆವೇಶಕ್ಕೆ ದಿಕ್ಕಿಲ್ಲ, ನಿಜ. ಆದರೆ ವೇಗವರ್ಧಕದ ಅಯಾನು, ಅಂದರೆ ಆವೇಶ ಹೊತ್ತ ಕಣ, ಬಿಂದುವಲ್ಲ. 2006ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಬೆಂಜಮಿನ್ ಲಿಸ್ಟ್ ಅವರ ತಂಡ ತೋರಿಸಿದ ಕ್ರಿಯೆಯನ್ನೇ ನೋಡಿ. ಅಲ್ಲಿ ಕೆಲಸ ಮಾಡುವ ಅಮೈನ್‌ಗೆ (ಸಾರಜನಕವಿರುವ ಸಾವಯವ ಸಂಯುಕ್ತ) ಎಡ-ಬಲದ ಭೇದವೇ ಇಲ್ಲ. ಭೇದವಿರುವುದು ಅದರ ಜೊತೆಗಿರುವ ಫಾಸ್ಫೇಟ್ ಋಣ ಅಯಾನಿನಲ್ಲಿ ಮಾತ್ರ. ಕ್ರಿಯೆಯ ನಡುವೆ ಆ ಅಮೈನ್‌ನಿಂದ ಹುಟ್ಟುವ ಇಮಿನಿಯಂ ಧನ ಅಯಾನು ಆ ಫಾಸ್ಫೇಟಿಗೆ ಅಂಟಿಕೊಳ್ಳುತ್ತದೆ. ಫಾಸ್ಫೇಟಿನ ಸುತ್ತಲಿನ ದಪ್ಪ ಪರಮಾಣು ಗುಂಪುಗಳು ಒಂದು ಮಗ್ಗುಲನ್ನು ಮುಚ್ಚಿ, ಇನ್ನೊಂದನ್ನು ತೆರೆದಿಡುತ್ತವೆ. ಸೆಳೆತ ಹತ್ತಿರ ಹಿಡಿಯುತ್ತದೆ, ಆಕಾರ ಬದಿಯನ್ನು ಗೊತ್ತುಮಾಡುತ್ತದೆ.

ಈಗ ಲೆಕ್ಕಕ್ಕೆ ಬರೋಣ, ಏಕೆಂದರೆ ನಿಜವಾದ ಉತ್ತರ ಇರುವುದು ಅಲ್ಲಿಯೇ. ಎಡಗೈ ಮತ್ತು ಬಲಗೈ ಅಣುಗಳತ್ತ ಹೋಗುವ ಎರಡು ಸಂಕ್ರಮಣ ಸ್ಥಿತಿಗಳ (ಕ್ರಿಯೆ ದಾಟಬೇಕಾದ ಶಕ್ತಿಯ ಶಿಖರಗಳ) ನಡುವೆ ಮೋಲ್‌ಗೆ 1.4 ಕಿಲೋಕ್ಯಾಲರಿ ಅಂತರವಿದ್ದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಕೈಯ ಅಣು ಇನ್ನೊಂದರ ಹತ್ತು ಪಟ್ಟು ಸಿಗುತ್ತದೆ, 2.7 ಇದ್ದರೆ 99ಕ್ಕೆ 1. ಇನ್ನು ಐದು ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ದೂರದ ಎರಡು ಏಕ ಆವೇಶಗಳ ಸೆಳೆತವನ್ನು ಕೂಲಂಬ್ ನಿಯಮದಿಂದ ಅಂದಾಜು ಮಾಡಿ. ಡೈಎಲೆಕ್ಟ್ರಿಕ್ ಸ್ಥಿರಾಂಕ (ದ್ರಾವಕವು ಆವೇಶಗಳ ಸೆಳೆತವನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಎಂಬ ಅಳತೆ) 2.4 ಇರುವ ಟಾಲ್ಯೂಯೀನ್ ಎಂಬ ದ್ರಾವಕದಲ್ಲಿ ಅದು ಮೋಲ್‌ಗೆ ಸುಮಾರು 28 ಕಿಲೋಕ್ಯಾಲರಿ. ಸ್ಥಿರಾಂಕ 80ರ ಸುಮಾರಿಗಿರುವ ನೀರಿನಲ್ಲಿ ಒಂದಕ್ಕೂ ಕಡಿಮೆ. ಆ 28ರ ಬಹುಪಾಲು ಎರಡೂ ಸಂಕ್ರಮಣ ಸ್ಥಿತಿಗಳಿಗೆ ಸಮವಾಗಿ ಸಿಗುತ್ತದೆ, ಆದ್ದರಿಂದ ಆಯ್ಕೆಗೆ ಉಪಯೋಗವಿಲ್ಲ. ಒಂದರಲ್ಲಿ ಆವೇಶಗಳು ತುಸು ಹತ್ತಿರ ಬಂದು, ಇನ್ನೊಂದರಲ್ಲಿ ತುಸು ದೂರ ಉಳಿದು, ಹತ್ತನೇ ಒಂದು ಪಾಲು ವ್ಯತ್ಯಾಸವಾದರೆ ಸಾಕು, 99ಕ್ಕೆ 1 ಬಂದೇ ಬಿಡುತ್ತದೆ.

ಅದಕ್ಕೇ ಆಯ್ಕೆ ಕುಸಿದಾಗ ವೇಗವರ್ಧಕವನ್ನು ದೂರುವ ಮೊದಲು ದ್ರಾವಕವನ್ನು ನೋಡಿ ಎನ್ನುತ್ತೇನೆ. ನಮ್ಮಲ್ಲಿ ಜೂನ್‌ನಿಂದ ಗಾಳಿಯೇ ತೇವವಾಗಿರುತ್ತದೆ. ಟಾಲ್ಯೂಯೀನ್‌ಗೆ ಸೇರುವ ಅಲ್ಪ ನೀರು ಇಡೀ ದ್ರಾವಕದ ಸ್ಥಿರಾಂಕವನ್ನು ಹೆಚ್ಚು ಬದಲಿಸುವುದಿಲ್ಲ. ಆದರೆ ಅದು ನೇರವಾಗಿ ಅಯಾನುಗಳ ಬಳಿಗೇ ಹೋಗಿ ಕೂತು, ಅವುಗಳ ಸೆಳೆತವನ್ನು ಸಡಿಲಗೊಳಿಸಬಲ್ಲದು.

ಪಠ್ಯಪುಸ್ತಕಗಳ ಬಗ್ಗೆ ನನಗೊಂದು ತಕರಾರಿದೆ. ದಪ್ಪ ಗುಂಪು ತಪ್ಪು ದಾರಿಯನ್ನು ತಡೆಯುತ್ತದೆ ಎಂಬಲ್ಲಿಗೆ ಅವು ವಿವರಣೆ ಮುಗಿಸುತ್ತವೆ. ಸರಿಯಾದ ದಾರಿಯನ್ನು ಸುಗಮಗೊಳಿಸುವ ಆಕರ್ಷಣೆಯೂ ಅಷ್ಟೇ ಮುಖ್ಯ. 2010ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಎರಿಕ್ ಜೇಕಬ್‌ಸನ್ ಅವರ ತಂಡ ಥಯೋಯೂರಿಯಾ ಎಂಬ ಗಂಧಕಯುಕ್ತ ಸಂಯುಕ್ತಗಳ ವೇಗವರ್ಧಕಗಳಲ್ಲಿ ಅರೋಮ್ಯಾಟಿಕ್ (ಬೆಂಜೀನ್‌ನಂಥ ಚಪ್ಪಟೆ ಉಂಗುರಗಳ) ಭಾಗವನ್ನು ಹಿಗ್ಗಿಸುತ್ತ ಹೋದಂತೆ ಆಯ್ಕೆ ಹೆಚ್ಚಿತು. ಆ ಚಪ್ಪಟೆ ಉಂಗುರಗಳ ಎಲೆಕ್ಟ್ರಾನ್ ಮೋಡವು ಕ್ರಿಯೆಯಲ್ಲಿ ಹುಟ್ಟುವ ಧನ ಆವೇಶವನ್ನು ತಣಿಸುತ್ತದೆ ಎಂಬುದು ಅವರ ವಿವರಣೆ. ಗದಗಿನ ವಿದ್ಯಾರ್ಥಿನಿಗೆ ಮೊದಲು ಓದಲು ಕೊಟ್ಟದ್ದು ಆ ತಂಡದ ಈ ಪ್ರಬಂಧವನ್ನೇ.